ಹಿತ್ತಲಲ್ಲಿ ಹಾದ ಎರಡನೆಯ ಲೈನು

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಇಂಜಿನ್ ಮಿಸ್ತ್ರಿಯಾಗಿದ್ದೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಊರಿಗೆ ಸರಕಾರದ ಕರೆಂಟು ಬಂದಿರಲಿಲ್ಲ. ಭತ್ತ ಕುಟ್ಟುವ ಎಣ್ಣೆ ಇಂಜಿನ್ನಿಗೇ ಗಿರಣಿಯ ಒಡೆಯರಾದ ಸಾವ್ಕಾರರು ಕರೆಂಟು ಹುಟ್ಟಿಸುವ ಒಂದು ಡೈನಮೋ ಕೂಡಿಸಿದ್ದರು. ಮೊದಲು ಗಿರಣಿಗೆ, ಆಮೇಲೆ ಅವರ ಮನೆಗೆ, ಕೊನೆಗೆ ಬಜಾರಿನ ಅಂಗಡಿಗಳಿಗೂ ದೀಪ ಬಂತು. ಕಂಬ ನೆಟ್ಟವನು, ತಂತಿ ಎಳೆದವನು ನಾನೇ. ಕಲಿಸಿದವರು ಯಾರೂ ಇಲ್ಲ. ಇಂಜಿನ್ ಬಿಚ್ಚಿ ಜೋಡಿಸಲು ಬರುತ್ತಿತ್ತು, ಇದೂ ಬಂದೀತು ಅಂದುಕೊಂಡಿದ್ದೆ.

ಒಂದು ಬೇಸಿಗೆಯ ಸಂಜೆ ಗಾಳಿ-ಮಳೆ ಎದ್ದು, ಬೇವಿನ ಟೊಂಗೆ ಮುರಿದು, ತಂತಿ ಹರಿದು ಬೀದಿಯ ನೀರಲ್ಲಿ ಬಿತ್ತು. ಅಗಸನ ಕತ್ತೆ ಅದನ್ನು ತುಳಿದು ನಿಂತಲ್ಲೇ ಸತ್ತಿತು. ಓಡಿಹೋಗಿ ಇಂಜಿನ್ ನಿಲ್ಲಿಸಿದೆ. ಬಜಾರೆಲ್ಲ ಕತ್ತಲಾಯಿತು.

ಸಾವ್ಕಾರರು ಅಗಸನಿಗೆ ಬೇರೆ ಕತ್ತೆ ಕೊಡಿಸಿ, ನನ್ನನ್ನು ಕರೆದರು. “ಒಂದು ಟೊಂಗಿ ಮುರದ್ರ ಊರೆಲ್ಲಾ ಕತ್ತಲಾಗೂದಂದ್ರ ಹೆಂಗ? ಹಿಂದಿನ ಓಣಿಯಿಂದ ಇನ್ನೊಂದು ಲೈನ್ ಎಳಿ. ಒಂದು ಕೆಟ್ರ ಇನ್ನೊಂದು ನಡೀಬೇಕು” ಅಂದರು.

ಹಿಂದಿನ ಓಣಿಯ ಲೈನು ಒಬ್ಬ ವಿಧವೆಯ ಹಿತ್ತಲನ್ನು ದಾಟಲೇಬೇಕಿತ್ತು. ಎರಡು ಎಮ್ಮೆ ಸಾಕಿ ಹಾಲು ಮೊಸರು ಮಾರಿ ಬದುಕುತ್ತಿದ್ದ ಆಕೆಗೆ ನನ್ನ ತಾಯಿಯ ವಯಸ್ಸು. ಕೇಳಲು ಹೋದಾಗ ಹಾಲು ಹಿಂಡುತ್ತಿದ್ದಳು. ಕೈ ನಿಲ್ಲಿಸದೆಯೇ ಕೇಳಿದಳು:

“ಹರಿದು ಬಿದ್ರ?”

“ಬೀಳಂಗಿಲ್ಲ ಬಿಡವ್ವ, ಗಟ್ಟಿ ಕಂಬ ಹಾಕ್ತೀನಿ.”

“ಮೊನ್ನೆ ಬಿದ್ದದ್ದೂ ನೀನ ಹಾಕಿದ್ದಲ್ಲೇನು? ಬೀಳಂಗಿಲ್ಲ ಅನಬ್ಯಾಡ ತಮ್ಮಾ. ಬಿದ್ದಮ್ಯಾಲ ಏನಾಗ್ತೈತಿ, ಅದನ್ನ ಹೇಳು.”

ಲೈನಿನ ಬುಡದಲ್ಲಿ ಫ್ಯೂಜು ಅಂತ ಒಂದು ಸಣ್ಣ ತಂತಿ ಇರುತ್ತದೆ. ಏನಾದರೂ ಎಡವಟ್ಟಾದರೆ ಅದು ಸುಟ್ಟು, ಕರೆಂಟು ಕಡಿಯಬೇಕು. ನಮ್ಮಲ್ಲಿ ಅದು ಮೇಲಿಂದ ಮೇಲೆ ಸುಡುತ್ತಿತ್ತು. ಅಂಗಡಿಯವರ ಕೂಗಾಟ ತಾಳದೆ ನಾನೇ ಸುಲಭಕ್ಕೆ ಸುಡದ ದಪ್ಪ ತಂತಿ ಹಾಕಿದ್ದೆ. ಸಣ್ಣದಿದ್ದಿದ್ದರೆ ಕತ್ತೆ ಉಳಿಯುತ್ತಿತ್ತೋ ಇಲ್ಲವೋ, ಇಂದಿಗೂ ಹೇಳಲಾರೆ. ಸಾವ್ಕಾರರಿಗೂ ಹೇಳದ ಈ ಮಾತನ್ನು ಆ ಹೆಣ್ಣುಮಗಳ ಮುಂದೆ ಹೇಳಿಬಿಟ್ಟೆ.

ಆಕೆ ಬೈಯಲಿಲ್ಲ. “ಹಂಗಾದ್ರ ಮೊದಲ ಅದನ್ನ ಸರಿ ಮಾಡು. ಆಮ್ಯಾಲ ಬಾ” ಅಂದಳು.

ಎಂಟು ದಿನ ಅದೇ ಕೆಲಸ. ಪ್ರತಿ ಕವಲಿಗೂ ಬೇರೆ ಫ್ಯೂಜು, ಬೇರೆ ಸ್ವಿಚ್ಚು. ಲೈನಿನ ಕೆಳಗೆ, ಭೂಮಿಗೆ ಜೋಡಿಸಿದ ಒಂದು ಕಾವಲು ತಂತಿ. ಮೇಲಿನದು ಹರಿದರೆ ಮೊದಲು ಇದಕ್ಕೆ ತಾಗಿ ಫ್ಯೂಜು ಸುಡಬೇಕು, ಆಮೇಲೆ ನೆಲ ಮುಟ್ಟಬೇಕು. ಗಿರಣಿಯ ಅಂಗಳದಲ್ಲಿ ಎರಡು ಕಂಬ ನಿಲ್ಲಿಸಿ, ಇದೇ ಬಗೆಯಲ್ಲಿ ತಂತಿ ಎಳೆದು ಆಕೆಯನ್ನು ಕರೆತಂದೆ.

“ಹರಿದು ತೋರಸು” ಅಂದಳು.

ಒಣ ಬಿದಿರ ಗಳಕ್ಕೆ ಕುಡಗೋಲು ಕಟ್ಟಿ ತಂತಿ ಕಡಿದೆ. ಅದು ಕಾವಲು ತಂತಿಗೆ ತಾಗಿ ಫಟ್ಟೆಂದು ಕಿಡಿ ಹಾರಿತು, ಫ್ಯೂಜು ಸುಟ್ಟಿತು, ತಂತಿ ನೆಲಕ್ಕೆ ಬಿತ್ತು. ಬೇರೆ ಕವಲಿನಲ್ಲಿದ್ದ ಗಿರಣಿಯೊಳಗಿನ ದೀಪ ಮಾತ್ರ ಹಾಗೇ ಉರಿಯುತ್ತಿತ್ತು. ಬಿದ್ದ ತಂತಿಯನ್ನು ಎತ್ತಿ ತೋರಿಸಲು ನಾನು ಬಗ್ಗಿದೆ. ಆಕೆ ನನ್ನ ರಟ್ಟೆ ಹಿಡಿದಳು.

“ನಿಮ್ಮವ್ವ ಅದಾಳೇನು?”

“ಅದಾಳ.”

“ಹಂಗಾದ್ರ ಕೈ ಹಚ್ಚಬ್ಯಾಡ. ಬ್ಯಾರೆ ಏನಾರ ತೋರಸು.”

ಒಂದು ದೀಪದ ತಂತಿಗಳನ್ನು ಒಣ ಗಳದಿಂದ ಬಿದ್ದ ತಂತಿಗೂ ನೆಲಕ್ಕೂ ತಾಗಿಸಿ ನೋಡಿದೆ. ದೀಪ ಹತ್ತಲಿಲ್ಲ, ತಂತಿಯಲ್ಲಿ ಕರೆಂಟು ಇರಲಿಲ್ಲ. ಆಕೆ ಬಗ್ಗಿ ಬಹಳ ಹೊತ್ತು ನೋಡಿದಳು. “ಹಿತ್ತಲದಾಗ ಕಂಬ ಹಾಕು. ಎಮ್ಮಿ ಮೇಯೂ ಗ್ವಾದಲಿಯಿಂದ ದೂರ ಇರಲಿ” ಅಂದು ಹೋದಳು.

ಮರುವರ್ಷದ ಗಾಳಿಗೆ ಬಜಾರಿನ ಕಂಬವೇ ಮಲಗಿತು. ಫ್ಯೂಜು ಸುಟ್ಟಿತು. ಕೆಟ್ಟ ತುಂಡನ್ನು ಸ್ವಿಚ್ಚಿನಿಂದ ಬಿಡಿಸಿ, ಹಿಂದಿನ ಲೈನಿನಿಂದ ಕರೆಂಟು ಕೊಟ್ಟೆ. ಅಂಗಡಿಯವರು ಕಂದೀಲು ಹುಡುಕುವುದರೊಳಗೆ ಅರ್ಧ ಬಜಾರಿಗೆ ದೀಪ ಬಂತು.

“ತಲಿ ಹೆಂಗ ಓಡಿಸ್ಯಾನ ನೋಡ್ರಿ ನಮ್ಮ ಮಿಸ್ತ್ರಿ!” ಎಂದು ಸಾವ್ಕಾರರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಮೊಸರು ಕೊಡಲು ಬಂದಿದ್ದ ಆಕೆ ಅಲ್ಲೇ ನಿಂತಿದ್ದಳು. ಕೇಳಬೇಕಾದ್ದನ್ನು ಮೊದಲು ಕೇಳಿದವಳು ಈಕೆ ಎಂದು ಹೇಳಲು ನನಗೆ ಬಾಯಿ ಇತ್ತು, ಹೊತ್ತೂ ಇತ್ತು. ಮರುದಿನ ಹೇಳಿದರಾಯಿತು ಅಂದುಕೊಂಡೆ. ಹೇಳಲಿಲ್ಲ.