ಸತ್ತ ರಾಜ ಏಳಬಾರದು

ನಾಟಕದ ಮೇಷ್ಟ್ರು ಕಲಿಸಿದ್ದನ್ನೆಲ್ಲ ಕಲಿತೆ, ಎರಡು ಪಾಠ ಬಿಟ್ಟು. ಆ ಎರಡನ್ನು ಈಗ ಕಲಿಸಿದರೂ ಕಲಿಯುವುದಿಲ್ಲ.

ಬಾಗೂರಿನಲ್ಲಿ ನಮ್ಮದು ಬಟ್ಟೆ ಅಂಗಡಿ. ನಮ್ಮ ಕಡೆ ಹೆಂಗಸರಿನ್ನೂ ರಂಗಕ್ಕೆ ಬರದಿದ್ದ ಮೂವತ್ತರ ದಶಕ ಅದು. ಮೀಸೆ ಸರಿಯಾಗಿ ಮೂಡದ ನನಗೆ ರಾಣಿಯ ಪಾತ್ರ ಸಿಕ್ಕಿತು. ಹಾಸನದಿಂದ ಬಂದ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಹೇಳಿದ ಮೊದಲ ಪಾಠ: ಮಾತು ಯಾರಿಗೇ ಆಡು, ಮುಖ ಮಾತ್ರ ಜನದ ಕಡೆ ಇರಲಿ. ಎರಡನೆಯದು: ಜನ ‘ವನ್ಸ್ ಮೋರ್’ ಅಂದರೆ ಹಾಡನ್ನು ಮತ್ತೆ ಹಾಡಬೇಕು. ಸತ್ತವನಾದರೂ ಎದ್ದು ಹಾಡಿ, ಇನ್ನೊಂದು ಸಲ ಸಾಯಬೇಕು. ಆಗಿನ ರೂಢಿಯೇ ಅದು, ಯಾರೂ ನಗುತ್ತಿರಲಿಲ್ಲ.

ನನಗೆ ಮೊದಲ ಪಾಠವೇ ಗಂಟಲಲ್ಲಿ ಇಳಿಯಲಿಲ್ಲ. ಗಿರಾಕಿಯ ಮುಖ ನೋಡದೆ ಮಾತಾಡಿದರೆ ಅಪ್ಪ ಗದರುತ್ತಿದ್ದ ಅಂಗಡಿಯಲ್ಲಿ ಬೆಳೆದವನು ನಾನು. ರಾಜನ ಪಾತ್ರ ಮಾಡುತ್ತಿದ್ದವರು ನಮ್ಮೂರಿನ ಒಬ್ಬ ರೈತರು. ವಯಸ್ಸಿನಲ್ಲಿ ದೊಡ್ಡವರು, ನಾನು ಅಣ್ಣ ಎನ್ನುತ್ತಿದ್ದೆ. ತಾಲೀಮಿನಲ್ಲಿ ‘ನಾನಿನ್ನು ಉಳಿಯುವುದಿಲ್ಲ’ ಎನ್ನುವಾಗ ಅವರ ದನಿಯಲ್ಲಿ ಒಂದು ದಿನ ಸಿಟ್ಟು, ಇನ್ನೊಂದು ದಿನ ಬರೀ ಸುಸ್ತು. ಎರಡಕ್ಕೂ ಒಂದೇ ಅಳು ಹೇಗೆ ಅಳುವುದು? ಅವರತ್ತ ತಿರುಗಿ, ಪೂರ್ತಿ ಕೇಳಿಸಿಕೊಂಡು, ಆಮೇಲೆ ಬಾಯಿ ಬಿಡತೊಡಗಿದೆ.

“ಶ್ರುತಿ ಕೊಟ್ಟು ಎಷ್ಟೊತ್ತಾಯ್ತು, ಯಾಕ್ಲಾ ಸುಮ್ಕಿದ್ದೀಯ?” ಎಂದರು ಮೇಷ್ಟ್ರು.

“ಅಣ್ಣ ಏನಂತಾವ್ರೆ ಅಂತ ಕೇಳುಸ್ಕೋತಿದ್ದೆ ಸಾ.”

“ಇನ್ನೊಂದ್ಸಲ ಇಂಗ್ ಮಾಡುದ್ರೆ ಸೀರೆ ಬೇರೆಯೋನಿಗೆ ಉಡುಸ್ತೀನಿ ಕಣ್ಲಾ.”

ರಾಣಿಯ ಆ ಸೀರೆಯ ಮೇಲೆ ನನಗೆ ಪ್ರಾಣವೇ ಇತ್ತು. ಆದರೂ ಹಟ ಬಿಡಲಿಲ್ಲ.

ಚನ್ನರಾಯಪಟ್ಟಣದ ಆಟದಲ್ಲಿ ರಾಜ ನನ್ನ ತೊಡೆಯ ಮೇಲೆ ಹಾಡುತ್ತಾ ಸತ್ತ. ಅವನ ಕೈ ಸೋತು ಹಲಗೆಯ ಮೇಲೆ ಬಿದ್ದದ್ದು ಕಂಡು ನನಗೆ ನಿಜಕ್ಕೂ ಅಳು ಬಂತು. ಅಷ್ಟರಲ್ಲಿ ‘ವನ್ಸ್ ಮೋರ್’ ಕೂಗು. ಹಾರ್ಮೋನಿಯಂ ಮತ್ತೆ ಶುರುವಾಯಿತು. ಅಣ್ಣ ಏಳಲು ಹೊರಟರು. ನಾನು ಅವರ ಎದೆಯ ಮೇಲೆ ಕೈಯಿಟ್ಟು ಅದುಮಿ ಹಿಡಿದೆ.

“ಏಳ್ಬ್ಯಾಡ್ವೇನ್ಲಾ?” ಎಂದರು, ಕಣ್ಣು ಮುಚ್ಚಿಕೊಂಡೇ.

“ಸತ್ತೋಗಿದ್ದೀರ ಕಣಣ್ಣ. ಮನಿಕ್ಕಳಿ.”

ಕೂಗು ಜೋರಾಯಿತು. ಮೇಷ್ಟ್ರು ಕೆಕ್ಕರಿಸಿಕೊಂಡು ನೋಡಿದರು. ನಾನು ಅಲ್ಲಾಡಲಿಲ್ಲ. ಕೊನೆಗೆ ಹೆಂಗಸರ ಕಡೆಯಿಂದ ಒಬ್ಬ ಅಜ್ಜಿ, “ಸುಮ್ಕಿರ್ರಲಾ, ಎಣದ್ ಮುಂದೆ ಇಂಗಾ ಕೂಗಾದು” ಎಂದು ಗದರಿದಳು. ಪರದೆ ಬಿತ್ತು.

ಮಾರನೆಯ ದಿನ ಸೀರೆ ಹೋಯಿತು. ತಪ್ಪಾಯಿತು ಅಂದರೆ ವಾಪಸು ಕೊಡುತ್ತೇನೆ ಎಂದರು ಮೇಷ್ಟ್ರು. ನಾನು ಅನ್ನಲಿಲ್ಲ. ಮನೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ, ಅದು ಬೇರೆ ಮಾತು.

ಅರಕಲಗೂಡಿನ ಆಟಕ್ಕೆ ಟಿಕೀಟು ತೆಗೆದುಕೊಂಡು ಜನರ ನಡುವೆ ಕೂತೆ. ಹೊಸ ರಾಣಿ ನಮ್ಮ ಕಡೆಗೇ ಮುಖ ಮಾಡಿಕೊಂಡು ಅತ್ತ. ರಾಜ ಸತ್ತ. ‘ವನ್ಸ್ ಮೋರ್’ ಎಂದರು ಜನ. ಹಾರ್ಮೋನಿಯಂ ಒಂದು ಸಲ ಕರೆಯಿತು, ಎರಡು ಸಲ ಕರೆಯಿತು. ರಾಣಿ ಭುಜ ಹಿಡಿದು ಅಲುಗಿಸಿದ. ರಾಜನ ಮುಚ್ಚಿದ ಕಣ್ಣು ಇನ್ನಷ್ಟು ಬಿಗಿಯಾಯಿತು.

ಅಣ್ಣ ಏಳಲಿಲ್ಲ.