ಏಳು ಊರಿನ ಅಂಚೆ

ಅಂಗಡಿಗಳ ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಯಲ್ಲಿ ಅವನದು ಇಪ್ಪತ್ತೆರಡು ವರ್ಷದ ಕೆಲಸ. ಬಟ್ಟು ಕೂದಲೆಳೆಯಷ್ಟು ಸವೆದಿದ್ದರೂ ಉಳಿಯಿಂದ ಅದರ ಮೇಲೆ ಅಡ್ಡಗೀಟು ಹಾಕಿ ವಾಪಸು ಕಳಿಸುತ್ತಿದ್ದ. ಜೊತೆಯವರು ಅವನನ್ನು ಮಿಲಿಗ್ರಾಂ ಎಂದು ಕರೆಯುತ್ತಿದ್ದರು. ಆ ಹೆಸರು ಮನೆಯವರೆಗೂ ಬಂದಿತ್ತು, ಅವನಿಗೇನೂ ಬೇಸರವಿರಲಿಲ್ಲ.

ಕಚೇರಿ ಬಿಟ್ಟರೆ ಅವನಿಗಿದ್ದ ಹುಚ್ಚು ಒಂದೇ: ಒಬ್ಬನೇ ಕೂತು ಆಡುವ ಕಥೆಯಾಟ. ಅದಕ್ಕೆ ಎದುರಾಳಿ ಬೇಡ, ಕಂಪ್ಯೂಟರೂ ಬೇಡ. ಒಂದು ದಾಳ, ಒಂದು ನೋಟ್‌ಬುಕ್, ನಿಯಮ ಬರೆದ ನಾಲ್ಕು ಹಾಳೆ ಸಾಕು. ಆಡುವವರೇ ಒಂದು ಪಾತ್ರವಾಗುತ್ತಾರೆ: ದೋಣಿಯವನೋ, ಗುಹೆ ಹುಡುಕುವವಳೋ. ದಾಳ ಉರುಳಿಸಬೇಕು, ಬಿದ್ದ ಸಂಖ್ಯೆಯ ಎದುರು ಪಟ್ಟಿಯಲ್ಲಿ ಏನಿದೆ ನೋಡಬೇಕು, ತನಗೆ ಏನಾಯಿತೆಂದು ಬರೆದುಕೊಳ್ಳುತ್ತ ಹೋಗಬೇಕು. ಹನ್ನೊಂದು ವರ್ಷ ಬೇರೆಯವರ ಆಟ ಆಡುತ್ತಲೇ ತಾನೂ ಐದು ಆಟ ಕಟ್ಟಿದ್ದ. ಅವನ್ನು ಅವನೊಬ್ಬನನ್ನು ಬಿಟ್ಟು ಯಾರೂ ಆಡಿರಲಿಲ್ಲ.

ಆರನೆಯದನ್ನು ಅಕ್ಕನಿಗೆಂದು ಕಟ್ಟಿದ. ಅಕ್ಕ ಮೂವತ್ತು ವರ್ಷದಿಂದ ಅಂಚೆ ಹಂಚುವವಳು, ಕಾಲಿಗೆ ಚಕ್ರ ಕಟ್ಟಿಕೊಂಡವಳು. ಯಾರದೋ ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು ಎಂಟು ವಾರ ಪ್ಲಾಸ್ಟರಿನಲ್ಲಿ ಬಿದ್ದಿದ್ದಳು. ಮೊದಲ ವಾರ ಕಿಟಕಿಯಿಂದಲೇ ಬದಲಿ ಅಂಚೆಯವನ ಕೆಲಸ ನೋಡಿ, ಗೇಟು ಮುಚ್ಚದೆ ಹೋದನೆಂದು ಬೈದಳು. ಎರಡನೆಯ ವಾರ ಗೋಡೆಯ ಕಡೆ ತಿರುಗಿ ಮಲಗಿದಳು. ಭಾವ ಫೋನ್ ಮಾಡಿದರು.

“ನಿಮ್ಮಕ್ಕ ಯಾರನ್ನೂ ಬೈತಾ ಇಲ್ಲ ಮಿಲಿಗ್ರಾಂ. ನನ್ನನ್ನೂ ಬೈತಾ ಇಲ್ಲ. ನಂಗೆ ಭಯ ಆಗ್ತಿದೆ.”

ಹತ್ತು ದಿನದಲ್ಲಿ ಆಟ ಸಿದ್ಧವಾಯಿತು. ಅಂಚೆಯವಳೊಬ್ಬಳು ಒಂದು ಕಾಗದ ಹಿಡಿದು ಬೆಟ್ಟಸಾಲಿನ ಏಳು ಊರು ದಾಟಿ ಕೊನೆಯ ಊರಿನ ಕೊನೆಯ ಮನೆಗೆ ಅದನ್ನು ಮುಟ್ಟಿಸಬೇಕು. ಆಟದೊಳಗಿನ ಒಂದೊಂದು ದಿನಕ್ಕೂ ಒಮ್ಮೆ ದಾಳ. ಆರು ಬಿದ್ದರೆ ಕಸುವು ಹೆಚ್ಚುತ್ತದೆ, ಒಂದು ಬಿದ್ದರೆ ಇಳಿಯುತ್ತದೆ, ನಡುವೆ ಹೊಳೆ, ನಾಯಿ, ಕುಸಿದ ದಾರಿ. ಕಸುವು ತೀರಿದರೆ ಆಟ ಮುಗಿಯಿತು. ಅವನು ನೂರು ಸಲ ಆಡಿ ನೋಡಿದ. ಅರವತ್ತೆಂಟು ಸಲ ಕಾಗದ ಮುಟ್ಟಿತು. ತೀರ ಸುಲಭವಲ್ಲ, ತೀರ ಕಷ್ಟವೂ ಅಲ್ಲ ಎಂದು ಸಮಾಧಾನಪಟ್ಟ. ಅಚ್ಚುಕಟ್ಟಾಗಿ ಬರೆದು ಕೊಟ್ಟು ಬಂದ.

ಮುಂದಿನ ಭಾನುವಾರ ಹೋದಾಗ ಅಕ್ಕ ನೋಟ್‌ಬುಕ್ಕನ್ನು ಅವನ ಮಡಿಲಿಗೆ ಎಸೆದಳು.

“ಒಂಬತ್ತು ಸಲ ಆಡ್ದೆ. ಒಂಬತ್ತು ಸಲವೂ ಸತ್ತೆ. ಮೂರನೇ ಊರು ದಾಟಿಲ್ಲ ನಾನು. ಮೂವತ್ತು ವರ್ಷದಲ್ಲಿ ನನ್ನ ಚೀಲದಲ್ಲಿದ್ದ ಒಂದು ಕಾಗದ ಕಳೆದಿಲ್ಲ, ನೀನು ಒಂದೇ ವಾರದಲ್ಲಿ ಒಂಬತ್ತು ಕಳೆಸಿದೆಯಲ್ಲೋ. ಸಾಕು, ತಗೊಂಡು ಹೋಗು.”

ಅವಳ ದನಿಯಲ್ಲಿ ಸಿಟ್ಟಿಗಿಂತ ಸೋಲು ಹೆಚ್ಚಿತ್ತು. ಅವನ ಮುಖ ಸಣ್ಣದಾಯಿತು.

“ನಿನ್ನ ದಾಳದಲ್ಲೇ ಏನೋ ಐಬಿದೆ ಅಕ್ಕ.”

“ಹೌದಪ್ಪ, ದಾಳಕ್ಕೂ ಕಾಲು ಮುರಿದಿದೆ.”

ಅವಳದು ಹಳೆಯ ಲೂಡೋ ಪೆಟ್ಟಿಗೆಯ ಮರದ ದಾಳ. ಅವನು ಅದನ್ನು ಮನೆಗೆ ಒಯ್ದು ಆರುನೂರು ಸಲ ಉರುಳಿಸಿ ಗೀಟು ಹಾಕುತ್ತ ಬಂದ. ಪ್ರತಿ ಸಂಖ್ಯೆಯೂ ಹೆಚ್ಚು ಕಡಿಮೆ ನೂರು ಸಲ ಬಿತ್ತು. ಐಬೇನೂ ಇರಲಿಲ್ಲ. ಆಮೇಲೆ ತನ್ನದನ್ನು ತೆಗೆದುಕೊಂಡ. ಹನ್ನೊಂದು ವರ್ಷ ಜೊತೆಗಿದ್ದ ನೀಲಿ ಪ್ಲಾಸ್ಟಿಕ್ ದಾಳ. ಆರುನೂರರಲ್ಲಿ ಆರರ ಮುಖ ನೂರಮೂವತ್ತೊಂಬತ್ತು ಸಲ ಬಿತ್ತು, ಒಂದರ ಮುಖ ಅರವತ್ನಾಲ್ಕೇ ಸಲ. ಲೋಟದ ನೀರಿಗೆ ಉಪ್ಪು ಸುರಿದು ಅದನ್ನು ತೇಲಿಬಿಟ್ಟ. ಹೇಗೆ ತಿರುಗಿಸಿ ಬಿಟ್ಟರೂ ಅದು ಹೊರಳಿ ಆರನ್ನೇ ಮೇಲೆ ಮಾಡಿ ನಿಂತಿತು. ಆ ಮುಖದ ಕೆಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿರಬೇಕು.

ತನ್ನ ದೋಣಿಯವನು ದಾಟಿದ ಸಮುದ್ರಗಳೆಲ್ಲ ನೆನಪಾಗಿ ಅವನು ನಾಲಿಗೆ ಕಚ್ಚಿಕೊಂಡ.

ಮರುದಿನ ಸಂಜೆ ಇದನ್ನು ಹೇಳಿದಾಗ ಅಕ್ಕ ದಿಂಬಿಗೆ ಮುಖ ಒತ್ತಿ ನಕ್ಕಳು. ನಕ್ಕು ನಕ್ಕು ಪ್ಲಾಸ್ಟರಿನ ಕಾಲು ಅಲುಗಿ “ಅಯ್ಯೋ” ಅಂದಳು. ಭಾವ ಅಡುಗೆಮನೆಯಿಂದ ಚಹಾದ ಪಾತ್ರೆ ಹಿಡಿದೇ ಓಡಿ ಬಂದರು.

“ಊರವರ ತೂಕದ ಬಟ್ಟುಗಳನ್ನೆಲ್ಲ ಹಿಡಿದು ಹಿಡಿದು ನೋಡ್ತಾನೆ.​ ತನ್ನ ಜೇಬಿನ ದಾಳ ಹನ್ನೊಂದು ವರ್ಷ ನೋಡಿಲ್ಲ, ಪುಣ್ಯಾತ್ಮ,” ಎಂದು ಅಕ್ಕ ಗಂಡನಿಗೆ ಹೇಳಿದಳು.

“ಬೇಕಾದ್ರೆ ಇದನ್ನೇ ಇಟ್ಕೋ,” ಎಂದು ಅವನು ನೀಲಿ ದಾಳ ಚಾಚಿದ. “ನಾಳೆನೇ ಮುಟ್ಟಿಸ್ತೀಯ.”

“ಬೇಡ. ಅದರಲ್ಲಿ ಮುಟ್ಟಿಸಿದ್ರೆ ನಾನು ಮುಟ್ಟಿಸಿದ ಹಾಗಾಗಲ್ಲ.” ನಗು ನಿಂತಿತ್ತು. “ದಾಳದ ಮಾತು ಬಿಡು. ನಿನ್ನ ಅಂಚೆಯವಳು ದಡ್ಡಿ. ಹೊಳೆ ತುಂಬಿ ಹರೀತಿದೆ ಅಂತ ಗೊತ್ತಿದ್ದೂ ಇಳೀತಾಳೆ. ಯಾರು ಇಳೀತಾರೆ? ನಾವು ಕಾಯ್ತೀವಿ. ಯಾರದೋ ಜಗಲಿ ಮೇಲೆ ಕೂತು, ನೀರು ಕೇಳಿ, ಅವರ ಮನೆ ಕಥೆ ಎಲ್ಲ ಕೇಳ್ತೀವಿ. ನಿನ್ನ ಪಟ್ಟೀಲಿ ಕೂರೋದೇ ಇಲ್ಲ.”

ಅವನು ಜೇಬಿನಿಂದ ಪೆನ್ಸಿಲ್ ತೆಗೆದ. ಅಕ್ಕ ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ದಾರಿ ಕೆಟ್ಟದ್ದೆಂದು ಕಂಡರೆ ಒಂದು ದಿನ ಕಾಯಬಹುದು. ಕಾದ ದಿನ ಯಾರ ಜೊತೆ ಕೂತೆ, ಅವರು ಏನಂದರು ಎಂದು ಎರಡು ಸಾಲು ಬರೆಯಬೇಕು. ಬರೆದರೆ ಕಸುವು ಒಂದು ಕೂಡುತ್ತದೆ. ಆದರೆ ಇಪ್ಪತ್ತು ದಿನದೊಳಗೆ ಕಾಗದ ತಲುಪಲೇಬೇಕು. ಕೊನೆಯದನ್ನು ಸೇರಿಸಿದವಳೂ ಅಕ್ಕನೇ. ಕೂತೇ ಬಿಡುವವರನ್ನು ಅವಳು ಕಂಡಿದ್ದಳು.

ಈ ಸಲ ಅವನು ಅವಳ ಮರದ ದಾಳದಲ್ಲೇ ನೂರು ಸಲ ಆಡಿ, ಸಂಖ್ಯೆಗಳನ್ನು ತಿದ್ದಿ ಕೊಟ್ಟ.

ಆರನೆಯ ವಾರದ ಗುರುವಾರ, ಕಚೇರಿಯ ಊಟದ ಹೊತ್ತಿನಲ್ಲಿ, ಅಕ್ಕನ ಫೋನ್ ಬಂತು.

“ಏಳನೇ ಊರಲ್ಲಿದೀನಿ. ಹತ್ತೊಂಬತ್ತನೇ ದಿನ. ಮನೆಗೆ ಬೀಗ.”

ಅವನಿಗೆ ನೆನಪಾಯಿತು. ಕೊನೆಯ ಪಟ್ಟಿಯಲ್ಲಿ ಒಂದು ಬಿದ್ದರೆ ಬೀಗ, ಕಾಗದ ವಾಪಸು. ತಾನೇ ಬರೆದದ್ದು.

“ಅಕ್ಕ, ಅದನ್ನ ತೆಗೆದುಬಿಡ್ತೀನಿ...”

“ಯಾಕೆ ತೆಗೀತೀಯ? ಬೀಗ ಹಾಕಿರೋದು ದಿನಾ ಇದ್ದದ್ದೇ. ಕೇಳು, ಓದ್ತೀನಿ. ‘ಎದುರು ಮನೆ ಅಜ್ಜಿ ಹತ್ರ ಕೇಳಿದೆ. ಅವರು ಮಗಳ ಮನೆಗೆ ಹೋಗಿದ್ದಾರಂತೆ, ನಾಳೆ ಬರ್ತಾರಂತೆ. ಅಜ್ಜಿಯ ಜಗಲಿಯಲ್ಲಿ ಕೂತೆ. ಅಜ್ಜಿಗೆ ಕಿವಿ ಮಂದ, ಬಾಯಿ ಜೋರು. ಇಪ್ಪತ್ತನೇ ದಿನ ಬೆಳಿಗ್ಗೆ ಬೀಗ ತೆಗೆದರು. ಕಾಗದ ಕೈಗೆ ಕೊಟ್ಟೆ. ಗೇಟು ಮುಚ್ಚಿ ಬಂದೆ.’ ನಿಯಮದ ಪ್ರಕಾರ ಸರೀನಾ?”

ಅವನು ಮನಸ್ಸಿನಲ್ಲೇ ಹಾಳೆಗಳನ್ನು ತಿರುವಿದ. ಕಾಯುವ ನಿಯಮ ದಾರಿಗೆಂದು ಬರೆದದ್ದು, ಬಾಗಿಲಿಗಲ್ಲ. ಆದರೆ ಬಾಗಿಲಿಗೆ ಇಲ್ಲವೆಂದೂ ಎಲ್ಲೂ ಬರೆದಿರಲಿಲ್ಲ.

“ಸರಿ ಇದೆ,” ಅಂದ. “ಮುಟ್ಟಿತು.”

“ಮುಟ್ಟಿತು,” ಅಂದಳು ಅಕ್ಕ. ಆಮೇಲೆ ಫೋನಿನಿಂದ ಬಾಯಿ ಅತ್ತ ತಿರುಗಿಸಿ, ಒಲೆಯ ಮೇಲೆ ಹಾಲಿಟ್ಟು ಎಲ್ಲಿ ಹೋದಿರಿ ಎಂದು ಭಾವನನ್ನು ಬೈಯತೊಡಗಿದಳು. ಅವನು ಫೋನ್ ಇಡದೆ ಆ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡ.

ಆಮೇಲೆ ಜೇಬಿನಿಂದ ನೀಲಿ ದಾಳವನ್ನು ತೆಗೆದು, ಬಟ್ಟುಗಳಿಗೆ ಹಾಕುವ ಹಾಗೆಯೇ ಅದರ ಆರರ ಮೇಲೆ ಉಳಿಯಿಂದ ಒಂದು ಅಡ್ಡಗೀಟು ಎಳೆದ. ಎಸೆಯಲು ಮನಸ್ಸು ಬರಲಿಲ್ಲ. ಪೆನ್ಸಿಲುಗಳ ಡಬ್ಬಿಯಲ್ಲಿಟ್ಟು ಮುಂದಿನ ಬಟ್ಟನ್ನು ಕೈಗೆತ್ತಿಕೊಂಡ.