ಅಜ್ಜಿ ಸತ್ತ ಎರಡು ನಿಮಿಷ

ಸ್ವಲ್ಪ ತಾಳಿ, ಇದೊಂದನ್ನು ಕೇಳಿಕೊಂಡು ಹೋಗಿ.

ಆಗೆಲ್ಲ ಅವರೆಕಾಯಿ ಕಾಲ ಬಂದರೆ ಶ್ರೀರಾಂಪುರದ ನಮ್ಮ ಮನೆಯಲ್ಲಿ ಯಾರ ಕೈ ಮೂಸಿದರೂ ಸೊಗಡಿನ ವಾಸನೆ. ನಾನಾಗ ಐದನೇ ಕ್ಲಾಸು. ನರ್ಸ್ ಆಗಿದ್ದ ಚಿಕ್ಕಮ್ಮ ಹೊರದೇಶದ ಆಸ್ಪತ್ರೆ ಸೇರಲು ಇಂಗ್ಲಿಷ್ ಪರೀಕ್ಷೆಗೆ ಕಟ್ಟಿದ್ದಳು. ಕೊಟ್ಟ ವಿಷಯದ ಮೇಲೆ ಎರಡು ನಿಮಿಷ ನಿಲ್ಲಿಸದೆ ಮಾತಾಡಬೇಕು. ಸಂಜೆ ಅವಳು ಸರಸ್ವತಿಪುರಂ ಟ್ಯುಟೋರಿಯಲ್‌ನಿಂದ ಬಂದಮೇಲೆ ನಮ್ಮ ಆಟ ಶುರು. ಅಜ್ಜಿಯ ಕನ್ನಡಕ ಏರಿಸಿ, ಮೊಬೈಲಿನಲ್ಲಿ ಟೈಮ್ ನೋಡುತ್ತಾ ಕೂರುವ ನಾನೇ ಎಕ್ಸಾಮಿನರ್ ಮೇಡಂ.

ಅವತ್ತು ‘ಬದುಕಿನ ದುಃಖದ ದಿನ’ ಅಂತ ವಿಷಯ ಕೊಟ್ಟೆ. ನಿಜವೇ ಹೇಳಬೇಕಿಲ್ಲ, ಮಾತು ನಿಲ್ಲಬಾರದು ಅಷ್ಟೇ ಎಂದು ಟ್ಯುಟೋರಿಯಲ್‌ನಲ್ಲಿ ಹೇಳಿಕೊಟ್ಟಿದ್ದರು. ಚಿಕ್ಕಮ್ಮ ತನ್ನ ತಾಯಿ ಸತ್ತ ದಿನವನ್ನು ಇಂಗ್ಲಿಷಿನಲ್ಲಿ ವರ್ಣಿಸಿದಳು. ಆ ತಾಯಿ, ಅಂದರೆ ನಮ್ಮಜ್ಜಿ, ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಿದ್ದರು.

ಏನು ಹೇಳ್ತಾವ್ಳೆ ಅಂತ ಅಜ್ಜಿ ಕೇಳಿದರು. ನಾನು ಹೇಳಿಬಿಟ್ಟೆ. ಬೈಗುಳ ಬೀಳುತ್ತದೆ ಅಂದುಕೊಂಡರೆ, ಅವರು ಕೈ ನಿಲ್ಲಿಸಿ ಚಿಕ್ಕಮ್ಮನ ಕಡೆ ತಿರುಗಿದರು.

“ಬೆಳಿಗ್ಗೆ ಬಟ್ಟೆ ಒಣಗಾಕುವಾಗ ಕಾಗೆ ತಲೆಗೆ ಬಡೀತು ಕಣಮ್ಮ. ಯಾರಿಗೂ ಹೇಳಿರ್ಲಿಲ್ಲ. ನೀನೇ ಸುದ್ದಿ ಹೇಳ್ಬುಟ್ಟೆ.”

ಕಾಗೆ ಮುಟ್ಟಿದರೆ ಸಾವು ಹತ್ತಿರ ಅನ್ನುವ ನಂಬಿಕೆ. ಮುಟ್ಟಿಸಿಕೊಂಡವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಿದರೆ, ಕೇಳಿದವರು ಅತ್ತರೆ, ದೋಷ ಕಳೆಯುತ್ತಿತ್ತು. ಈಗ ಯಾರಿಗೆ ಸುಳ್ಳು ಹೇಳೋದು, ತಕ್ಷಣ ವಿಡಿಯೋ ಕಾಲ್ ಮಾಡ್ತಾರೆ ಎಂದು ಚಿಕ್ಕಮ್ಮ ನಕ್ಕಳು. ಅಜ್ಜಿ ನಗಲಿಲ್ಲ.

“ನೀವಿಬ್ರೂ ಅಳ್ಲೇ ಇಲ್ವಲ್ಲ.”

ಮಾರನೇ ದಿನದಿಂದ ದೀಪ ಹಚ್ಚುವ ಹೊತ್ತಿಗೆ ಅಜ್ಜಿಯೇ ಬಂದು ಕೂತು, ಇವತ್ತೂ ಅದನ್ನೇ ಹೇಳು ಎನ್ನತೊಡಗಿದರು. ತಿದ್ದುವುದೂ ಅವರೇ. ಆಸ್ಪತ್ರೆ ಬೇಡ, ಮನೆಯಲ್ಲೇ. ಬೆಳಿಗ್ಗೆ ಅಲ್ಲ, ಸಂಜೆ. ಚಿಕ್ಕಮ್ಮ ಎಲ್ಲವನ್ನೂ ಇಂಗ್ಲಿಷಿಗೆ ಸೇರಿಸುತ್ತಿದ್ದಳು. ಅಜ್ಜಿ ಕಣ್ಣು ಮುಚ್ಚಿ ಕೇಳುವರು, ಮುಗಿದರೂ ತೆಗೆಯುತ್ತಿರಲಿಲ್ಲ. ಅವರ ಎದೆಯ ಮೇಲಿನ ಸೆರಗು ಏಳುತ್ತಿದೆಯಾ ಎಂದು ನಾನು ಉಸಿರು ಹಿಡಿದು ನೋಡುತ್ತಿದ್ದೆ. ಆಮೇಲೆ ತಣ್ಣನೆಯ ಕೈ ಚಾಚಿ ನಮ್ಮಿಬ್ಬರ ಕೆನ್ನೆ ಮುಟ್ಟಿ ನೋಡುವರು. ಒಣಗಿರುತ್ತಿತ್ತು.

ಅಳದಿದ್ದರೆ ಅಜ್ಜಿ ಹೋಗಿಬಿಡುತ್ತಾರೆಂದು ಹೆದರಿ ಒಂದು ದಿನ ಕಣ್ಣಿಗೆ ಈರುಳ್ಳಿ ರಸ ಹಚ್ಚಿಕೊಂಡು ಕೂತೆ.

“ಈರುಳ್ಳಿ ಅಳು ನಡೆಯಲ್ಲ ಮಗಾ,” ಅಂದರು.

ಕೇಳಿ ಕೇಳಿ ಅಜ್ಜಿಯ ಸಾವು ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು. ಅಳು ಎಲ್ಲಿಂದ ಬರಬೇಕು?

ಪರೀಕ್ಷೆಯಲ್ಲಿ ಚಿಕ್ಕಮ್ಮನಿಗೆ ಮನೆಯ ಹಿರಿಯರ ಬಗ್ಗೆ ಮಾತಾಡಲು ಹೇಳಿದರಂತೆ. ಬಾಯಿಗೆ ಬಂದದ್ದು ಅದೇ. ಎದುರಿಗಿದ್ದ ಹೆಂಗಸು ಕಣ್ಣೊರೆಸಿಕೊಂಡರಂತೆ.

“ನಿಜವಾಗ್ಲೂ ಅತ್ರಾ?” ಅಜ್ಜಿ ಕೇಳಿದರು.

“ಹೂಂ ಅಮ್ಮ.”

“ಪುಣ್ಯಾತ್ಗಿತ್ತಿ. ಸಾಕು ಬುಡು.”

ಅವತ್ತು ಹಿತಕಿದ ಬೇಳೆ ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು.

ಚಿಕ್ಕಮ್ಮ ಪಾಸಾಗಿ ಹೋದಳು. ಅಜ್ಜಿ ಆಮೇಲೂ ಎಷ್ಟೋ ಅವರೆಕಾಲ ನೋಡಿದರು. ಹೋದ ವರ್ಷ ತೀರಿಕೊಂಡರು. ಫೋನಿನಲ್ಲಿ ಹೇಳಿದಾಗ ಚಿಕ್ಕಮ್ಮ, “ಮನೇಲೇನಾ? ಸಂಜೇನಾ?” ಅಂದಳು. ಹೌದು ಅಂದೆ. ಅವಳು ಅಳಲಿಲ್ಲ. ನನಗೂ, ಇದು ಯಾವತ್ತೋ ಆಗಿಹೋದದ್ದು ಅನ್ನಿಸುತ್ತಿತ್ತೇ ಹೊರತು ಕಣ್ಣು ಒದ್ದೆಯಾಗಲಿಲ್ಲ. ಅಜ್ಜಿ ಹೋಗುವುದಕ್ಕೆ ಎಷ್ಟೋ ಮೊದಲೇ ಅವರಿಗಾಗಿ ಅಳುವುದನ್ನು ಕಳೆದುಕೊಂಡಿದ್ದೆವು. ಅವರಿಗೆಂದು ಮನಸಾರೆ ಅತ್ತವರು, ಹೆಸರೂ ಗೊತ್ತಿಲ್ಲದ ಆ ಹೆಂಗಸೊಬ್ಬರೇ.

ನಿಮ್ಮ ಮನೆಯಿಂದಲೂ ಇಂಥ ಸುಳ್ಳು ಸುದ್ದಿ ಹೋಗಿದ್ದುಂಟಾ? ಯಾರು ಅತ್ತರು? ಸುದ್ದಿಯಲ್ಲಿ ಸತ್ತವರು ನಿಜವಾಗಿ ಹೋದ ದಿನ ನಿಮಗೆ ಅಳು ಬಂತಾ? ಬರೆಯಿರಿ, ಓದುತ್ತೇನೆ.